ಮೀನಿನ ಮನೆಗೆ ಸೊಪ್ಪು ತರಕಾರಿ ಬಂದ ಬಗೆ

ನಮ್ಮದು ಮೀನು ತಿನ್ನುವ ಮನೆ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ ಆರು ಜನ ಇದ್ದೇವೆ: ಅತ್ತೆ, ಮಾವ, ನಾವಿಬ್ಬರು, ಮಗಳು, ಮಗ. ಮಧ್ಯಾಹ್ನಕ್ಕೆ ಕುಚ್ಚಿಲಕ್ಕಿ ಅನ್ನ, ಬೂತಾಯಿಯದ್ದೋ ಬಂಗುಡೆಯದ್ದೋ ಪದಾರ್ಥ, ಬಟ್ಟಲಿನ ಬದಿಗೆ ಒಂದು ಚಮಚ ಪಲ್ಯ. ಆ ಒಂದು ಚಮಚವೂ ಎಷ್ಟೋ ದಿನ ಹಾಗೆಯೇ ಉಳಿದು ಕೋಳಿಗೂಡಿಗೆ ಹೋಗುತ್ತಿತ್ತು. ಹಣ್ಣೆಂದರೆ ಯಾರಿಗಾದರೂ ಜ್ವರ ಬಂದಾಗ ಪೇಟೆಯಿಂದ ತರುವ ಮೂಸಂಬಿ. ತೋಟದ ಪಪ್ಪಾಯಿಯನ್ನು ಕಾಗೆಗಳು ತಿನ್ನುತ್ತಿದ್ದವು.

ಮಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಊಟದ ಲೆಕ್ಕವನ್ನು ನಾನು ಗಮನವಿಟ್ಟು ನೋಡತೊಡಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕಿಲೋ ಕ್ಯಾಲರಿ ಬೇಕಾದವರಿಗೆ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು ಎಂದಿದೆ. ಅಕ್ಕಿ, ಗೋಧಿ ಎಲ್ಲ ಸೇರಿ 250 ಗ್ರಾಂ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ, ಬಟಾಟೆ ಮತ್ತು ಮರಗೆಣಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಮನೆಯ ದೊಡ್ಡವರು ನಾಲ್ವರಿಗೇ 1600 ಗ್ರಾಂ ತರಕಾರಿ ಆಯಿತು. ನಾನು ಒಂದು ಹೊತ್ತಿಗೆ ಹೆಚ್ಚುತ್ತಿದ್ದದ್ದು ಒಂದು ಹಿಡಿ ಅಲಸಂಡೆ, ಅದರಲ್ಲಿ ಎರಡು ಬಟಾಟೆ. ಈ ಅಂತರವನ್ನು ಪಲ್ಯದ ಪಾತ್ರೆ ದೊಡ್ಡದು ಮಾಡಿ ತುಂಬಿಸಲು ಆಗುವುದಿಲ್ಲ. ಬೆಳಗ್ಗಿನ ತಿಂಡಿ, ಮೀನಿನ ಪದಾರ್ಥ, ಸಂಜೆಯ ಚಾ, ಎಲ್ಲದರೊಳಗೂ ತರಕಾರಿ ಹಣ್ಣು ಬರಬೇಕು.

ಮನೆಯವರಿಗೆ ತರಕಾರಿ ಮೇಲೆ ದ್ವೇಷವೇನೂ ಇಲ್ಲ ಎಂದು ನನಗೆ ನಿಧಾನವಾಗಿ ತಿಳಿಯಿತು. ಹಸಿವಾದ ಹೊತ್ತಿಗೆ, ಕೈಗೆ ಸಿಗುವಲ್ಲಿ, ಅವರವರಿಗೆ ಜಗಿಯಲು ಆಗುವ ಹಾಗೆ ಇದ್ದರೆ ತಿನ್ನುತ್ತಾರೆ. ಒಳ್ಳೆಯದು, ರಕ್ತ ಆಗುತ್ತದೆ, ಕಣ್ಣಿಗೆ ಒಳ್ಳೆಯದು ಎಂದು ಹೇಳಿದ್ದಕ್ಕೆ ಯಾರೂ ತಿನ್ನಲಿಲ್ಲ.

ಶುರು ಮಾಡಿದ್ದು ಮಳೆಗಾಲದಲ್ಲಿ, ಬೇಕೆಂದೇ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಎಂದರೆ ಬಲೆ ಎಳೆಯುವ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಳಗಿನ ಊರಿಗೆ ಮೀನು ಬರುವುದೇ ಕಡಿಮೆ, ಬಂದರೆ ಬೆಂಕಿಯಂಥ ದರ. "ಮೀನು ಇಲ್ಲದ್ದರೆ ಅನ್ನ ಹೇಗೆ ಇಳಿಯುದು?" ಎನ್ನುವ ಮಾವನೂ ಆ ದಿನಗಳಲ್ಲಿ ಕೊಟ್ಟದ್ದನ್ನು ತಿನ್ನಬೇಕು. ಅದೇ ಹೊತ್ತಿಗೆ ಹಿತ್ತಲಿನಲ್ಲಿ ತಗತೆ ಸೊಪ್ಪು ಏಳುತ್ತದೆ, ಕೆಸು ಅಗಲವಾಗುತ್ತದೆ, ಮರಕೆಸು ಕೊಂಬೆಗಳ ಮೇಲೆ ಚಿಗುರುತ್ತದೆ, ಬಿದಿರ ಮೆಳೆಯಲ್ಲಿ ಕಣಿಲೆ (ಎಳೆ ಬಿದಿರಿನ ಮೊಳಕೆ) ಬರುತ್ತದೆ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇವನ್ನು ತಿನ್ನಬೇಕು ಎಂದು ಅತ್ತೆಗೆ ಅವರ ಅಮ್ಮ ಹೇಳಿದ್ದು. ಹಾಗಾಗಿ ಈ ವಿಷಯದಲ್ಲಿ ನಾನು ಸೊಸೆ, ಅವರು ಗುರು. ಪತ್ರೊಡೆಗೆ ಹುಣಸೆ ಯಾಕೆ ಕಡಿಮೆ ಮಾಡಬಾರದು (ಕೆಸುವಿನ ಸಣ್ಣ ಹರಳುಗಳೇ ಗಂಟಲು ತುರಿಸುವುದು, ಹುಳಿ ಸರಿಯಾಗಿ ಬೀಳಬೇಕು, ಚೆನ್ನಾಗಿ ಬೇಯಬೇಕು), ಕಣಿಲೆಯನ್ನು ಹೆಚ್ಚಿ ನೀರು ಬದಲಿಸುತ್ತ ಎರಡು ಮೂರು ದಿನ ಯಾಕೆ ನೆನೆಸಬೇಕು (ಹಸಿ ಕಣಿಲೆಯಲ್ಲಿ ವಿಷದ ಅಂಶವಿದೆ), ಎಲ್ಲ ಅವರೇ ಹೇಳಿಕೊಟ್ಟರು. ಹಿರಿಯರ ಬಾಯಲ್ಲಿ ಹೊಸ ಊಟ ಎಂಬ ಮಾತು ಬಂದರೆ ಮನೆಯಲ್ಲಿ ಯಾವುದೂ ನಡೆಯುವುದಿಲ್ಲ. ಹಳೆಯ ಊಟ ಎಂದು ಅವರೇ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಪಕ್ಕದ ಮನೆಯ ಚೇಚಿಯಿಂದ ಕಲಿತದ್ದೂ ಆಗಲೇ. ಅವರು ಮಲಯಾಳಿಗಳು, ನಮ್ಮ ಆಟಿಯ ಹೊತ್ತಿಗೆ ಬರುವ ಅವರ ಕರ್ಕಾಟಕ ತಿಂಗಳಲ್ಲಿ ಹತ್ತು ಬಗೆಯ ಎಲೆ ಸೇರಿಸಿ ಉಪ್ಪೇರಿ ಮಾಡುತ್ತಾರೆ: ಕುಂಬಳದ ಎಲೆ, ಅಲಸಂಡೆ ಎಲೆ, ತಗತೆ, ಹೀಗೆ ಸಿಕ್ಕಿದ್ದು. ನುಗ್ಗೆಸೊಪ್ಪನ್ನು ಮಾತ್ರ ಆ ತಿಂಗಳು ಮುಟ್ಟುವುದಿಲ್ಲ. ನಾನು ನೋಡಿದ್ದು ಅವರು ಮಾಡುವ ಕ್ರಮ. ಸೊಪ್ಪನ್ನು ತುಂಬ ಸಣ್ಣಗೆ ಹೆಚ್ಚಿ, ನೀರೇ ಹಾಕದೆ, ಮುಚ್ಚಿ ಅದರ ಹಬೆಯಲ್ಲೇ ಬಾಡಿಸಿ, ಕಾಯಿತುರಿ, ಕಾಯಿಮೆಣಸು, ಜೀರಿಗೆ ಜಜ್ಜಿ ಹಾಕಿ ಇಳಿಸುವುದು. ನಮ್ಮಲ್ಲಿ ಕೆಲವರು ಸೊಪ್ಪನ್ನು ನೀರಲ್ಲಿ ಬೇಯಿಸಿ, ಬಸಿದು, ಆ ನೀರು ಚೆಲ್ಲುತ್ತಾರೆ. ರುಚಿ, ಬಣ್ಣ, ನೀರಲ್ಲಿ ಕರಗುವ ವಿಟಮಿನ್ನು ಎಲ್ಲ ಅದರ ಜೊತೆ ಹೋಗುತ್ತದೆ. ಉಪ್ಪೇರಿ ಕ್ರಮದಲ್ಲಿ ಮಾಡಿದ ಹರಿವೆಯನ್ನು ನನ್ನ ಮಗ ಅನ್ನ ಇಲ್ಲದೆ ಬರಿದೇ ತಿಂದ. ಕೆಂಪು ಹರಿವೆ ಅನ್ನಕ್ಕೆ ಬಣ್ಣ ಬಿಡುವುದೂ ಮಕ್ಕಳಿಗೆ ಬಲು ಇಷ್ಟ.

ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದರೆ ಎಲ್ಲ ಮೊದಲಿನಂತಾದೀತು ಎಂದು ನನಗೆ ಗೊತ್ತಿತ್ತು. ಮೀನು ಬಿಡಿಸುವ ಆಲೋಚನೆಯೇ ನನಗಿರಲಿಲ್ಲ. ಮೀನು ಒಳ್ಳೆಯ ಆಹಾರ, ಬೂತಾಯಿಯಂಥದ್ದು ಮತ್ತೂ ಒಳ್ಳೆಯದು. ಹಾಗಾದರೆ ತರಕಾರಿಯೇ ಮೀನಿನ ಪಾತ್ರೆಗೆ ಬರಲಿ. ನಮ್ಮ ಕರಾವಳಿಯಲ್ಲಿ ಈ ಜೋಡಿಗಳು ಹಿಂದಿನಿಂದಲೂ ಇವೆ: ಬಸಳೆಗೆ ಎಟ್ಟಿ (ಸಿಗಡಿ), ಹರಿವೆ ದಂಟಿಗೆ ಒಣ ಎಟ್ಟಿ, ಸೌತೆಕಾಯಿಗೆ ಒಣಮೀನು, ಬೂತಾಯಿಗೆ ಬಿಂಬುಳಿ ಎಂಬ ಹುಳಿಕಾಯಿ. ಹಿಂದೆ ಮೀನು ಕಡಿಮೆ ಇದ್ದ ಮನೆಗಳಲ್ಲಿ ಪದಾರ್ಥ ಹೆಚ್ಚಿಸಲು ಮಾಡುತ್ತಿದ್ದದ್ದು. ಕೈಯಲ್ಲಿ ಕಾಸು ಬಂದ ಮೇಲೆ ತರಕಾರಿ ಬಿಟ್ಟು ಬರೀ ಮೀನು ಉಳಿಯಿತು.

ಬಸಳೆ ಎಟ್ಟಿ ನಾನು ಮಾಡುವುದು ಹೀಗೆ. ಬಸಳೆ ದಂಟನ್ನು ಬೆರಳುದ್ದ ತುಂಡು ಮಾಡಿ ಸ್ವಲ್ಪ ನೀರು, ಉಪ್ಪು, ಅರಸಿನ ಹಾಕಿ ಮೊದಲು ಬೇಯಿಸುತ್ತೇನೆ. ದಂಟು ಮೆತ್ತಗಾದ ಮೇಲೆ ಎಲೆ. ಹುರಿದ ಒಣಮೆಣಸು, ಕೊತ್ತಂಬರಿ, ಜೀರಿಗೆ, ಹುಣಸೆ, ಕಾಯಿತುರಿ ನುಣ್ಣಗೆ ಅರೆದು ಸೇರಿಸಿ, ಕುದಿ ಬಂದಾಗ ಎಟ್ಟಿ. ಸಣ್ಣ ಎಟ್ಟಿಗೆ ಐದು ನಿಮಿಷ ಸಾಕು, ಹೆಚ್ಚು ಬೇಯಿಸಿದರೆ ರಬ್ಬರಿನಂತಾಗುತ್ತದೆ. ಕೊನೆಗೆ ನೀರುಳ್ಳಿಯ ಒಗ್ಗರಣೆ. ಮೊದಲು ಎಟ್ಟಿಯಷ್ಟೇ ತೂಕದ ಬಸಳೆ ಹಾಕುತ್ತಿದ್ದೆ. ಈಗ ಒಂದು ಪಾಲು ಎಟ್ಟಿಗೆ ಮೂರು ಪಾಲು ಬಸಳೆ. ಪಾಲು ಬದಲಾದದ್ದನ್ನು ಯಾರಿಗೂ ಮರೆಮಾಚಲಿಲ್ಲ, ನಿಧಾನಕ್ಕೆ ಏರಿಸಿದೆ ಅಷ್ಟೆ. ತರಕಾರಿಯನ್ನು ರುಬ್ಬಿ ಗೊತ್ತಾಗದಂತೆ ಬೆರೆಸಿ ಕೊಡಿ ಎಂದು ಹೇಳುವವರಿದ್ದಾರೆ. ಅದು ನನಗೆ ಹಿಡಿಸುವುದಿಲ್ಲ. ಬಸಳೆಯನ್ನು ಬಸಳೆ ಎಂದೇ ತಿಂದರೆ ಮಾತ್ರ ನಾಳೆ ಮಕ್ಕಳು ತಾವಾಗಿ ಕೇಳುತ್ತಾರೆ.

ಮಾವನ ವಿಷಯ ಬೇರೆ. "ಈ ಪಲ್ಯಕ್ಕೆ ರುಚಿ ಇಲ್ಲ" ಎಂದು ತಟ್ಟೆಯ ಬದಿಗೆ ಸರಿಸುತ್ತಿದ್ದರು. ಒಂದು ದಿನ ಅವರು ಬೀನ್ಸ್ ಜಗಿದು ಮೆಲ್ಲಗೆ ಉಗುಳಿದ್ದನ್ನು ನೋಡಿದಾಗ ಅರ್ಥವಾಯಿತು: ದವಡೆ ಹಲ್ಲುಗಳಿಲ್ಲ. ಹಾಗೆಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ಆಮೇಲೆ ಅವರಿಗೆ ನಾರಿನ ತರಕಾರಿ ಬಡಿಸುವುದು ಬಿಟ್ಟೆ. ಕುಂಬಳಕಾಯಿ, ಸೌತೆ, ಸೋರೆಯನ್ನು ಮೇಣದಷ್ಟು ಮೆತ್ತಗೆ ಬೇಯಿಸಿ ಮೇಲಾರ (ಮಜ್ಜಿಗೆಹುಳಿ). ಒಂದೆಲಗದ ತಂಬುಳಿ, ಸಾಂಬ್ರಾಣಿ ಸೊಪ್ಪಿನ ತಂಬುಳಿ. ಬಾಳೆದಿಂಡನ್ನು ಅಕ್ಕಿಯ ಜೊತೆ ಅರೆದು ದೋಸೆ. ಮುಳ್ಳುಸೌತೆ ತುರಿದು ಅಕ್ಕಿಯೊಂದಿಗೆ ರುಬ್ಬಿದ ದೋಸೆ ಅವರಿಗೆ ಎಷ್ಟು ಹಿಡಿಸಿತೆಂದರೆ ನೀರುದೋಸೆ ಈಗ ಹಬ್ಬಕ್ಕೆ ಮಾತ್ರ. ಹಿರಿಯರು ಏನಾದರೂ ಬೇಡ ಎಂದರೆ ಮೊದಲು ಹಲ್ಲು ನೋಡಿ ಎಂದು ನಾನು ಪರಿಚಯದ ಎಲ್ಲರಿಗೂ ಹೇಳುತ್ತೇನೆ. ಮಾವನ ಹಣ್ಣಿನ ಅಳತೆಯನ್ನು ಡಾಕ್ಟರರಲ್ಲಿ ಕೇಳಿಯೇ ಇಟ್ಟದ್ದು: ಊಟದ ಮೇಲೆ ಅಲ್ಲ, ನಡುಹೊತ್ತಿಗೆ, ಚೆನ್ನಾಗಿ ಹಣ್ಣಾದ ಒಂದು ಚಿಕ್ಕ ಪೇರಳೆ, ಇಲ್ಲವೇ ಎರಡು ತುಂಡು ಪಪ್ಪಾಯಿ. ರಸ ತೆಗೆದು ಕುಡಿಯುವಂತಿಲ್ಲ.

ಮಕ್ಕಳಿಗೆ ಹೊತ್ತೇ ಮುಖ್ಯ. ಶಾಲೆಯಿಂದ ಬಂದು ಚೀಲ ಬಿಸಾಡುವಾಗ ಎಂಥ ಹಸಿವು ಎಂದರೆ, ಮೊದಲು ಕಣ್ಣಿಗೆ ಬಿದ್ದದ್ದು ಹೊಟ್ಟೆಗೆ ಹೋಗುತ್ತದೆ. ಮೊದಲು ಬೀಳುತ್ತಿದ್ದದ್ದು ಬೇಕರಿಯ ಪಫ್ಸ್, ಮಿಕ್ಸ್‌ಚರ್ ಡಬ್ಬ. ಡಬ್ಬಗಳನ್ನು ಅಟ್ಟದ ಮೇಲಿಟ್ಟೆ. ಅವರು ಬರುವ ಮೊದಲೇ ಹಣ್ಣು ಹೆಚ್ಚಿ ಜಗಲಿಯಲ್ಲಿ ಇಡುತ್ತೇನೆ. ಹೆಚ್ಚಿಯೇ ಇಡಬೇಕು. ಇಡೀ ಪೇರಳೆ ಬುಟ್ಟಿಯಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ, ಅದೇ ಪೇರಳೆ ನಾಲ್ಕು ಹೋಳಾಗಿ ತಟ್ಟೆಯಲ್ಲಿದ್ದರೆ ಉಳಿಯುವುದಿಲ್ಲ. ಅನಾನಸಿಗೆ, ಅಂಬಟೆಗೆ, ಮಾವಿನಕಾಯಿಗೆ ಚಿಟಿಕೆ ಉಪ್ಪು ಮತ್ತು ಮೆಣಸಿನ ಹುಡಿ, ಚಿಟಿಕೆ ಎಂದರೆ ಚಿಟಿಕೆಯೇ. ಪೇರಳೆಗೆ ನಾನು ವಿಶೇಷ ಮರ್ಯಾದೆ ಕೊಡುತ್ತೇನೆ. ನೂರು ಗ್ರಾಂ ಪೇರಳೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಹಲವು ಪಟ್ಟು. ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಇಂಥ ಹಣ್ಣು ಅಥವಾ ಲಿಂಬೆ ಊಟದ ಜೊತೆಗಿರಬೇಕು. ಊಟದ ಜೊತೆ ಚಾ ಕುಡಿದರೆ ಅದಕ್ಕೆ ಅಡ್ಡಿ. ಮಗಳು ದೊಡ್ಡವಳಾಗುತ್ತಿರುವುದರಿಂದ ಇದನ್ನು ನಾನು ಮರೆಯುವುದಿಲ್ಲ.

ಮಗ ಹಾಗಲ, ಬದನೆ ನೋಡಿದರೆ ಮುಖ ತಿರುಗಿಸುತ್ತಿದ್ದ. ಒಂದು ರುಚಿ ಮಕ್ಕಳ ನಾಲಿಗೆಗೆ ಒಗ್ಗಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಬಾಯಿಗೆ ಬರಬೇಕು ಎಂದು ಮಕ್ಕಳ ಆಹಾರದ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಹೆಚ್ಚಿನ ಅಮ್ಮಂದಿರು ಮೂರನೆಯ ಸಲಕ್ಕೇ "ಇವನಿಗೆ ಆಗುದಿಲ್ಲ" ಎಂದು ತೀರ್ಮಾನಿಸುತ್ತಾರೆ. ನಾನು ಅವನಿಗೆ ಹೇಳಿದ್ದು ಒಂದೇ: "ಬಡಿಸುದು ನನ್ನ ಕೆಲಸ ಮಗಾ, ತಿನ್ನುದು ಬಿಡುದು ನಿನಗೆ ಬಿಟ್ಟದ್ದು." ಒಂದು ಚಮಚ ಬಡಿಸಿ ಬೇರೆ ಮಾತಾಡುತ್ತೇನೆ. ತಿಂದರೆ ಹೊಗಳುವುದಿಲ್ಲ, ಬಿಟ್ಟರೆ ಬೈಯುವುದಿಲ್ಲ, ತಿಂದರೆ ಚಾಕಲೇಟು ಎಂಬ ಆಸೆ ತೋರಿಸುವುದಂತೂ ಇಲ್ಲವೇ ಇಲ್ಲ. ಬದನೆ ಈಗ ತಿನ್ನುತ್ತಾನೆ, ಸುಟ್ಟ ಬದನೆಯ ಗೊಜ್ಜಾದರೆ ಎರಡನೆಯ ಸಲ ಕೇಳುತ್ತಾನೆ. ಹಾಗಲ ಇನ್ನೂ ಇಲ್ಲ.

ಗಂಡನಿಗೆ ಬುತ್ತಿಯಲ್ಲಿ ಅನ್ನದ ಡಬ್ಬಕ್ಕಿಂತ ತರಕಾರಿ ಡಬ್ಬವನ್ನು ದೊಡ್ಡದು ಮಾಡಿದೆ. ಅವರದ್ದು ಅಷ್ಟೇ ಸುಲಭ.

ಅತ್ತೆಗೆ ಪೇಟೆಯ ತರಕಾರಿಯ ಭಯ ಬಹಳ. ಆ ಭಯ ನ್ಯಾಯವಾದದ್ದೇ. ಇಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಎರಚಿದ್ದನ್ನು ಕಣ್ಣಾರೆ ಕಂಡವರು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಅಂಗಳದಲ್ಲಿ ಆಡುವ ಮಕ್ಕಳಿಗೆ ಏನಾಯಿತು ಎಂದು ತಿಳಿದವರಿಗೆ "ತೊಳೆದು ತಿಂದರೆ ಸಾಕು" ಎಂಬ ಮಾತು ಹಿಡಿಸುವುದಿಲ್ಲ. ಘಟ್ಟದ ಮೇಲಿಂದ ಪೇಟೆಗೆ ಬರುವ ತರಕಾರಿಯನ್ನು ನಾನು ಹುಣಸೆ ಮತ್ತು ಉಪ್ಪಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು ಒಳ್ಳೆಯ ನೀರಲ್ಲಿ ಎರಡು ಸಲ ತೊಳೆಯುತ್ತೇನೆ. ಮೇಲಿರುವುದು ಕಡಿಮೆಯಾಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಹಾಗಾಗಿ ಆದಷ್ಟು ನಾವೇ ಬೆಳೆಸುವುದು. ಬಚ್ಚಲಿನ ನೀರು ಹೋಗುವಲ್ಲಿ ಬಸಳೆ ಚಪ್ಪರ ಮತ್ತೆ ಎದ್ದಿದೆ. ಕೃಷಿಭವನದಲ್ಲಿ ಓಣಂ ತರಕಾರಿ ಯೋಜನೆಯ ಬೀಜದ ಪೊಟ್ಟಣ ಸಿಗುತ್ತದೆ. ಬೆಂಡೆ, ಅಲಸಂಡೆ, ಹೀರೆಯನ್ನು ಮಳೆಯ ಆರಂಭಕ್ಕೆ ಹಾಕುತ್ತೇವೆ. ಹರಿವೆಯ ಮಡಿ ಮಗನದ್ದು. ಬಿತ್ತಿದ ಸುಮಾರು ಒಂದು ತಿಂಗಳಿಗೆ ಕೀಳಬಹುದು. ಚಿಕ್ಕವರ ತಾಳ್ಮೆಗೆ ಹೊಂದುವ ಬೆಳೆ ಅದು.

ಬೇಸಿಗೆಯಲ್ಲಿ ಹಣ್ಣಿಗೆ ಬರವಿಲ್ಲ. ಮಾವು, ಅನಾನಸು, ಗೇರುಹಣ್ಣು, 2018ರಲ್ಲಿ ಕೇರಳದ ಅಧಿಕೃತ ಹಣ್ಣಾದ ಹಲಸು, ಎಲ್ಲ ಒಟ್ಟಿಗೆ ಬರುತ್ತವೆ. ಕಷ್ಟ ತರಕಾರಿಗೆ. ಬಾವಿಯ ನೀರು ತಳ ಕಾಣುವಾಗ ಹಿತ್ತಲಿಗೆ ಎಷ್ಟೆಂದು ಹೊಯ್ಯುವುದು? ಅದಕ್ಕೆ ಅತ್ತೆಯ ಕ್ರಮವನ್ನೇ ಹಿಡಿದಿದ್ದೇವೆ. ಗದ್ದೆಯಲ್ಲಿ ಬೆಳೆಸಿದವರಿಂದ ಬಲಿತ ಸೌತೆಕಾಯಿ ಒಟ್ಟಿಗೆ ತಂದು, ಒಂದಕ್ಕೊಂದು ತಾಗದ ಹಾಗೆ ಬಾಳೆಯ ನಾರಿನಲ್ಲಿ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗಿಸುವುದು. ಪೆಟ್ಟು ಬಿದ್ದದ್ದು, ತೊಟ್ಟು ಮುರಿದದ್ದು ನಿಲ್ಲುವುದಿಲ್ಲ, ಅದನ್ನು ಮೊದಲೇ ಬೇರೆ ತೆಗೆದು ಸಾಂಬಾರಿಗೆ ಹಾಕಬೇಕು. ಉಳಿದದ್ದು ಮಳೆಗಾಲದ ನಡುವಿನವರೆಗೂ ಬರುತ್ತದೆ. ಹಲಸಿನ ಸೊಳೆಯನ್ನು ಉಪ್ಪುನೀರಿನ ಭರಣಿಗೆ ತುಂಬಿಸಿದ್ದೂ ಆಗಿದೆ. ಪಲ್ಯ ಮಾಡುವ ಹಿಂದಿನ ರಾತ್ರಿಯೇ ತೆಗೆದು, ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸದಿದ್ದರೆ ರಕ್ತದೊತ್ತಡ ಇರುವವರಿಗೆ ಅದನ್ನು ಬಡಿಸಬಾರದು.