ತಂಬೋಲಾಗೆ ಪ್ರತಿ ಸಲ ಅದೇ ನಂಬರ್: ಹ್ಯಾಸ್ಕೆಲ್‌ನಲ್ಲಿ ಸರಿಮಾಡಿದ್ದು ಹೀಗೆ

ಹುಬ್ಬಳ್ಳಿಯ ನಮ್ಮ ಓಣಿಯ ಗಣಪತಿ ಪೆಂಡಾಲಿಗೆ ತಂಬೋಲಾ ನಂಬರ್ ತೆಗೆಯುವ ಪ್ರೋಗ್ರಾಂ ಬೇಕಿತ್ತು. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಎಷ್ಟು ಸಲ ಒತ್ತಿದರೂ ಒಂದೇ ನಂಬರ್!

ಇದು ಶುದ್ಧ ಫಂಕ್ಷನಲ್ ಭಾಷೆ. ಇನ್‌ಪುಟ್ ಅದೇ ಇದ್ದರೆ ಉತ್ತರವೂ ಅದೇ ಇರಬೇಕು. ಪೈಥಾನ್ ಭಾಷೆಯಲ್ಲಿ ಜನರೇಟರ್ (ರ‍್ಯಾಂಡಮ್ ನಂಬರ್, ಅಂದರೆ ಮನಬಂದಂತೆ ಬರುವ ನಂಬರ್ ಹುಟ್ಟಿಸುವ ಸಾಧನ) ಒಳಗೊಳಗೇ ಬದಲಾಗುತ್ತದೆ, ನಮಗೆ ಗೊತ್ತೇ ಆಗಲ್ಲ. ಇಲ್ಲಿ ಹಾಗಿಲ್ಲ. ‘ಯೂನಿಫಾರ್ಮ್‌ಆರ್’ ಫಂಕ್ಷನ್‌ಗೆ 1ರಿಂದ 90ರ ಮಿತಿ ಮತ್ತು ಒಂದು ಜನರೇಟರ್ ಕೊಟ್ಟರೆ ಎರಡು ವಾಪಸ್ ಬರುತ್ತವೆ: ಒಂದು ನಂಬರ್, ಒಂದು ಹೊಸ ಜನರೇಟರ್. ಮುಂದಿನ ಸಲ ಈ ಹೊಸದನ್ನೇ ಕೊಡಬೇಕು. ನನ್ನ ಕೋಡಿನಲ್ಲಿ ಹಳೆಯದೇ ಮತ್ತೆ ಮತ್ತೆ ಹೋಗುತ್ತಿತ್ತು.

ಜನರೇಟರ್ ಅನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗುವುದು ಬೇಜಾರಿನ ಕೆಲಸ. ಅದಕ್ಕೆ ಸ್ಟೇಟ್ ಮೊನಾಡ್ ಹಾಕಿದೆ. ಹೆಸರು ಕೇಳಿ ಹೆದರಬೇಡಿ, ಅದು ಮಾಡುವುದು ಈ ದಾಟಿಸುವ ಕೆಲಸವನ್ನೇ.

ಇನ್ನೊಂದು ತೊಡಕು ಉಳಿದಿತ್ತು. ತಂಬೋಲಾದಲ್ಲಿ ಬಂದ ನಂಬರ್ ಮತ್ತೆ ಬರಬಾರದು, ಅಲ್ವಾ? ಹಾಗಾಗಿ ಸ್ಟೇಟ್‌ನಲ್ಲಿ (ಹೀಗೆ ದಾಟಿಸುತ್ತಾ ಹೋಗುವ ಮಾಹಿತಿಯಲ್ಲಿ) ಜನರೇಟರ್ ಜೊತೆಗೆ ಉಳಿದ ನಂಬರ್‌ಗಳ ಪಟ್ಟಿಯನ್ನೂ ಇಟ್ಟೆ. ಪಟ್ಟಿಯಲ್ಲಿ ಎಷ್ಟನೆಯದು ಅನ್ನುವುದನ್ನು ಮಾತ್ರ ರ‍್ಯಾಂಡಮ್ ಆಗಿ ಆರಿಸಿ, ಅದನ್ನು ಪಟ್ಟಿಯಿಂದ ತೆಗೆಯುತ್ತೇನೆ.

ಮೊದಲ ಜನರೇಟರ್ ಮಾತ್ರ ಹೊರಗಿನಿಂದ ಬರಬೇಕು. ಪ್ರೋಗ್ರಾಂ ಶುರುವಾಗುವ ಮೇನ್‌ನಲ್ಲಿ ಹೊಸ ಜನರೇಟರ್ ಕೊಡುವ ‘ನ್ಯೂಎಸ್‌ಟಿಡಿಜೆನ್’ ಕರೆದರೆ ಸಾಕು, ಜನರೇಟರ್‌ಗಾಗಿ ಐಓ (ಹೊರಜಗತ್ತಿನ ಜೊತೆಗಿನ ವ್ಯವಹಾರ) ಕೆಲಸ ಅಷ್ಟೇ. ಪರೀಕ್ಷೆ ಮಾಡುವಾಗ ಸೀಡ್ (ಜನರೇಟರ್ ಶುರುವಾಗುವ ಸಂಖ್ಯೆ) 42 ಅಂತ ಗಟ್ಟಿ ಮಾಡುತ್ತೇನೆ. ಆಗ ಪ್ರತಿ ಸಲ ನಂಬರ್‌ಗಳು ಅದೇ ಕ್ರಮದಲ್ಲಿ ಬರುತ್ತವೆ, ತಪ್ಪು ಹುಡುಕುವುದು ಸುಲಭ. ಆಟದ ದಿನ ಕೋಡಿನಿಂದ ಆ ಸೀಡ್ ಸಾಲು ತೆಗೆಯುವುದನ್ನು ಮಾತ್ರ ಮರೆಯಬೇಡಿ.