ಡೇಟಾಬೇಸ್ ಟ್ರೇಸ್‌ನಲ್ಲಿ ಹೆಸರು ಬದಲಾದರೆ ಏನು ಮಾಡಬೇಕು?

ಟ್ರೇಸ್ (ಪ್ರತಿ ರಿಕ್ವೆಸ್ಟ್ ಎಲ್ಲೆಲ್ಲಿ ಹೋಯ್ತು, ಎಷ್ಟು ಹೊತ್ತಾಯ್ತು ಎಂಬ ದಾಖಲೆ) ಕಳಿಸುವ ಲೈಬ್ರರಿ ಅಪ್‌ಗ್ರೇಡ್ ಮಾಡಿದ ಮರುದಿನ ಡ್ಯಾಶ್‌ಬೋರ್ಡ್ ತೆರೆದೆ. ನಿಧಾನದ ಕ್ವೆರಿಗಳ ಗ್ರಾಫ್ ಖಾಲಿ! ಎರರ್ ಇಲ್ಲ, ಅಲರ್ಟ್ ಇಲ್ಲ. ಡೇಟಾಬೇಸ್ ಸರಿಹೋಯ್ತು ಅಂತ ಅರ್ಧ ದಿನ ಸುಮ್ನೆ ಖುಷಿಪಟ್ಟೆ. ಅಸಲಿಗೆ ಗ್ರಾಫ್, ಅಲರ್ಟ್ ಎರಡೂ ಟ್ರೇಸ್‌ನೊಳಗಿನ ಮಾಹಿತಿಯನ್ನು ಹಳೇ ಹೆಸರಿನಲ್ಲೇ ಹುಡುಕುತ್ತಿದ್ದವು.

ಟ್ರೇಸ್‌ಗಳಿಗೆ ಸಾಮಾನ್ಯ ಮಾನದಂಡ ರೂಪಿಸುವ ಓಪನ್ ಸೋರ್ಸ್ ಯೋಜನೆ ಓಪನ್‌ಟೆಲಿಮೆಟ್ರಿ, 2025ರಲ್ಲಿ ಡೇಟಾಬೇಸ್ ಮಾಹಿತಿಯ ಹೆಸರುಗಳನ್ನು 'ಸ್ಟೇಬಲ್' ಎಂದು ಘೋಷಿಸಿತು. ಅಷ್ಟರಲ್ಲಿ 'ಡಿಬಿ.ಸ್ಟೇಟ್‌ಮೆಂಟ್' ಹೋಗಿ 'ಡಿಬಿ.ಕ್ವೆರಿ.ಟೆಕ್ಸ್ಟ್' ಬಂದಿತ್ತು. 'ಡಿಬಿ.ಸಿಸ್ಟಮ್' ಈಗ 'ಡಿಬಿ.ಸಿಸ್ಟಮ್.ನೇಮ್', 'ಡಿಬಿ.ನೇಮ್' ಈಗ 'ಡಿಬಿ.ನೇಮ್‌ಸ್ಪೇಸ್'. 'ಡಿಬಿ.ಯೂಸರ್' ಪೂರ್ತಿ ಹೋಯಿತು, ಅದಕ್ಕೆ ಬದಲಿ ಇಲ್ಲ.

1. ಹಳೇ ಹೆಸರುಗಳು ಎಲ್ಲೆಲ್ಲಿವೆ ಹುಡುಕಿ. ಡ್ಯಾಶ್‌ಬೋರ್ಡ್, ಅಲರ್ಟ್ ಎಲ್ಲರಿಗೂ ನೆನಪಾಗುತ್ತವೆ. ಕಲೆಕ್ಟರ್‌ನ (ಟ್ರೇಸ್‌ಗಳನ್ನು ಒಟ್ಟುಮಾಡಿ ಮುಂದೆ ಕಳಿಸುವ ಪ್ರೋಗ್ರಾಮ್) ಸ್ಯಾಂಪ್ಲಿಂಗ್ ನಿಯಮಗಳು, ಅಂದರೆ ಯಾವ ಟ್ರೇಸ್ ಉಳಿಸಬೇಕೆಂಬ ನಿಯಮಗಳು, ಪಾಸ್‌ವರ್ಡ್ ಮರೆಮಾಡುವ ಫಿಲ್ಟರ್‌ಗಳು ಮರೆತುಹೋಗುತ್ತವೆ. ಫಿಲ್ಟರ್ ಹಳೇ ಹೆಸರನ್ನೇ ನೋಡುತ್ತಾ ಕೂತರೆ ಗುಟ್ಟಿನ ಮಾಹಿತಿ ಹೊಸ ಹೆಸರಿನಡಿ ಸೋರುತ್ತದೆ. ಖಾಲಿ ಗ್ರಾಫ್‌ಗಿಂತ ಇದು ಜಾಸ್ತಿ ಅಪಾಯ.

2. ಸ್ವಲ್ಪ ದಿನ ಎರಡೂ ಹೆಸರು ಕಳಿಸಿ. 'ಓಟೆಲ್_ಸೆಮ್‌ಕಾನ್ವ್_ಸ್ಟೆಬಿಲಿಟಿ_ಆಪ್ಟ್_ಇನ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 'ಡೇಟಾಬೇಸ್/ಡಪ್' ಎಂದು ಕೊಡಿ. ಕ್ವೆರಿಯ ಪಠ್ಯ ಎರಡೆರಡು ಸಲ ಹೋಗುವುದರಿಂದ ಸ್ಟೋರೇಜ್ ಖರ್ಚು ಏರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಎಲ್ಲ ಲೈಬ್ರರಿಗಳೂ ಇದಕ್ಕೆ ಓಗೊಡುವುದಿಲ್ಲ, ಮೊದಲೇ ನೋಡಿಕೊಳ್ಳಿ.

3. ಹೆಸರಷ್ಟೇ ಅಲ್ಲ, ಆ ಹೆಸರಿನಡಿ ಬರುವ ವ್ಯಾಲ್ಯೂ ಕೂಡ ಬದಲಾಗಿದೆ. 'ಡಿಬಿ.ಸಿಸ್ಟಮ್'ನಲ್ಲಿ 'ಎಂಎಸ್‌ಎಸ್‌ಕ್ಯೂಎಲ್' ಎಂದಿದ್ದದ್ದು 'ಮೈಕ್ರೋಸಾಫ್ಟ್.ಎಸ್‌ಕ್ಯೂಎಲ್_ಸರ್ವರ್' ಆಗಿದೆ. ಪೋಸ್ಟ್‌ಗ್ರೆಸ್‌ನಲ್ಲಿ ನೇಮ್‌ಸ್ಪೇಸ್ ಎಂದರೆ ಡೇಟಾಬೇಸ್, ಸ್ಕೀಮಾ (ಅದರೊಳಗಿನ ಟೇಬಲ್‌ಗಳ ಗುಂಪು) ಎರಡರ ಹೆಸರೂ ಸೇರಿ, ನಡುವೆ ಒಂದು ನಿಂತ ಗೀಟು (|). ಕಣ್ಮುಚ್ಚಿ ಫೈಂಡ್-ರಿಪ್ಲೇಸ್ ಮಾಡಿದರೆ ಇಲ್ಲೇ ಎಡವುತ್ತೀರಿ.

4. ಹಳೇ ಸರ್ವೀಸ್‌ಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲ್ಲ, ಅಲ್ವಾ? ಅವುಗಳ ಹೆಸರನ್ನು ಕಲೆಕ್ಟರ್‌ನ ಟ್ರಾನ್ಸ್‌ಫಾರ್ಮ್ ಪ್ರೊಸೆಸರ್‌ನಲ್ಲಿ (ಹಾದುಹೋಗುವ ಡೇಟಾ ತಿದ್ದುವ ಭಾಗ) ಬದಲಿಸಿ. ಹೊಸ ಹೆಸರು ಇಲ್ಲದಿದ್ದರೆ ಮಾತ್ರ ಹಳೆಯದರಿಂದ ತುಂಬು ಎಂಬ ನಿಯಮ ಸಾಕು. ಆದರೆ ಮೇಲೆ ಹೇಳಿದಂತೆ ವ್ಯಾಲ್ಯೂಗಳನ್ನೂ ಅಲ್ಲೇ ಸರಿಪಡಿಸಬೇಕು.

5. ಅಲರ್ಟ್‌ಗಳನ್ನು ಹೊಸ ಹೆಸರಿಗೆ ತಿರುಗಿಸಿ, ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದು ಇಟ್ಟ ಸರ್ವರ್‌ನಲ್ಲಿ) ಬೇಕಂತಲೇ ಒಂದು ನಿಧಾನದ ಕ್ವೆರಿ ಓಡಿಸಿ. ಪೋಸ್ಟ್‌ಗ್ರೆಸ್ ಆದರೆ 'ಸೆಲೆಕ್ಟ್ ಪಿಜಿ_ಸ್ಲೀಪ್(5)' ಸಾಕು, ಐದು ಸೆಕೆಂಡ್ ಸುಮ್ಮನೆ ಮಲಗಿರುತ್ತದೆ. ಅಲರ್ಟ್ ಬಂತಾ? ಹಾಗಾದರೆ ವೇರಿಯಬಲ್‌ನಿಂದ '/ಡಪ್' ತೆಗೆಯಿರಿ. ಬರಲಿಲ್ಲವೆಂದರೆ ಮತ್ತೆ ಒಂದನೇ ಹೆಜ್ಜೆಗೆ ಹೋಗಿ, ಎಲ್ಲೋ ಒಂದು ಹಳೇ ಹೆಸರು ಉಳಿದಿದೆ.