ಟ್ಯಾಟ್ ಪೆಪ್ಟೈಡ್ ಜೊತೆ ಕೆಲಸ: ಪುಡಿ ಕರಗಿಸುವಲ್ಲಿಂದ ಕೋಶದೊಳಗೆ ಮುಟ್ಟಿಸುವವರೆಗೆ

ಟ್ಯಾಟ್ ಎಂಬುದು ಎಚ್‌ಐವಿ ವೈರಸ್ಸಿನ ಒಂದು ಪ್ರೋಟೀನ್. ಅದರ ಒಂದು ಸಣ್ಣ ತುಂಡು, ಅಂದರೆ ಟ್ಯಾಟ್ ಪೆಪ್ಟೈಡ್, ತನಗೆ ಜೋಡಿಸಿದ ಸರಕನ್ನು ಕೋಶದೊಳಗೆ ಒಯ್ಯುತ್ತದೆ. ಸೀಸೆಯ ಮೇಲೆ 1 ಮಿಲಿಗ್ರಾಂ ಎಂದು ಬರೆದಿದ್ದರೂ ಒಳಗೆ ಅಷ್ಟು ಪೆಪ್ಟೈಡ್ ಇರುವುದಿಲ್ಲ. ಟ್ಯಾಟ್‌ನ 47ರಿಂದ 57ರವರೆಗಿನ ತುಂಡಿನಲ್ಲಿ ಹನ್ನೊಂದು ಅಮೈನೋ ಆಮ್ಲ. ಅದರಲ್ಲಿ ಆರು ಅರ್ಜಿನೈನ್, ಎರಡು ಲೈಸಿನ್. ಇವೆಂಟಕ್ಕೂ, ಜೊತೆಗೆ ತುದಿಯ ಅಮೈನಿಗೂ, ಶುದ್ಧೀಕರಣದಲ್ಲಿ ಬಳಸಿದ ಟ್ರೈಫ್ಲೋರೋಅಸೆಟಿಕ್ ಆಮ್ಲ ಒಂದೊಂದು ಅಂಟಿಕೊಂಡಿರುತ್ತದೆ. ಪೆಪ್ಟೈಡಿನ ಅಣುತೂಕ ಸುಮಾರು 1560, ಒಂಬತ್ತು ಆಮ್ಲದ ಅಣುಗಳ ತೂಕ 1026. ಅಂದರೆ ಪುಡಿಯಲ್ಲಿ ಪೆಪ್ಟೈಡ್ ನೂರಕ್ಕೆ ಅರವತ್ತು ಮಾತ್ರ, ತೇವ ಇದ್ದರೆ ಇನ್ನೂ ಕಡಿಮೆ. 1 ಮಿಲಿಮೋಲಾರ್ ದ್ರಾವಣ ಬೇಕಿದ್ದರೆ 641 ಮೈಕ್ರೋಲೀಟರ್ ಅಲ್ಲ, 385 ಮೈಕ್ರೋಲೀಟರ್ ನೀರು ಹಾಕಬೇಕು. ಈ ತುಂಡಿನಲ್ಲಿ ಒಂದು ಟೈರೋಸಿನ್ ಇರುವುದು ಅನುಕೂಲ. ಬಣ್ಣ ಕಟ್ಟದ ಪೆಪ್ಟೈಡ್ ಆದರೆ 280 ನ್ಯಾನೋಮೀಟರಿನಲ್ಲಿ ಓದಿ, 1490 ಗುಣಾಂಕದಿಂದ ಲೆಕ್ಕ ತಾಳೆ ನೋಡುತ್ತೇನೆ.

ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕಿಂತ ದೊಡ್ಡ ತಲೆನೋವು ಗಾಳಿಯ ತೇವ. ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆದರೆ, ಹತ್ತಿಯ ಎಳೆಯಂತೆ ಹಗುರವಾಗಿದ್ದ ಪುಡಿ ಕಣ್ಣೆದುರೇ ಕುಗ್ಗಿ ಗೋಡೆಗೆ ಗೋಂದಿನ ಹಾಗೆ ಹಿಡಿಯುತ್ತದೆ. ಮುಚ್ಚಿದ ಸೀಸೆಯನ್ನೇ ಸಿಲಿಕಾ ಜೆಲ್ ಡೆಸಿಕೇಟರಿನಲ್ಲಿ ಒಂದು ಗಂಟೆ ಇಡಿ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ಕೊಟ್ಟು ತೆರೆಯಿರಿ. ಮುಚ್ಚಳಕ್ಕೆ ಅಂಟಿದ್ದೂ ಕೆಳಗಿಳಿಯುತ್ತದೆ. ತೂಗಲು ಹೋಗಬೇಡಿ, ಸೀಸೆಗೇ ನೀರು ಹಾಕಿ ಕರಗಿಸಿ. 20 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಟ್ಯೂಬು ಪ್ರೋಟೀನ್ ಅಂಟದ ಬಗೆಯದ್ದೇ ಇರಲಿ. ಧನ ಆವೇಶ ತುಂಬಿದ ಪೆಪ್ಟೈಡ್ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ.

ಆ ಅಂಟುವ ಗುಣವೇ ಈ ಕೆಲಸದಲ್ಲಿ ಹೆಚ್ಚು ಮೋಸ ಮಾಡುವುದು. ಕೋಶದ ಮೈಮೇಲಿರುವ ಹೆಪರಾನ್ ಸಲ್ಫೇಟ್ ಎಂಬ ಋಣ ಆವೇಶದ ಸಕ್ಕರೆ ಸರಪಳಿ ಅರ್ಜಿನೈನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬರಿಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರಿನ ಬಫರ್) ಎಷ್ಟು ಸಲ ತೊಳೆದರೂ ಹೋಗದು. ಕೋಶವನ್ನು ಫಿಕ್ಸ್ ಮಾಡಲು, ಅಂದರೆ ಇದ್ದಂತೆಯೇ ನಿಲ್ಲಿಸಲು, ಫಾರ್ಮಾಲ್ಡಿಹೈಡ್ ಅಥವಾ ಮೆಥನಾಲ್ ಹಾಕಿದೊಡನೆ ಹೊರಗೆ ಅಂಟಿದ್ದು, ಎಂಡೋಸೋಮ್‌ನಲ್ಲಿ (ಕೋಶ ಹೊರಗಿನದನ್ನು ನುಂಗಿದಾಗ ಆಗುವ ಪುಟ್ಟ ಚೀಲ) ಕೂತಿದ್ದು ಎಲ್ಲ ಹರಡಿ ಕೋಶಕೇಂದ್ರಕ್ಕೆ ಸೇರುತ್ತದೆ, ಚಿತ್ರ ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಇದು ಫಿಕ್ಸ್ ಮಾಡಿದ್ದರ ಪರಿಣಾಮ ಎಂದು 2003ರಲ್ಲೇ ತೋರಿಸಿಯಾಗಿದೆ. ಆದ್ದರಿಂದ ಬದುಕಿರುವ ಕೋಶಗಳನ್ನೇ ನೋಡಬೇಕು.

ನಾನು ಅನುಸರಿಸುವ ಕ್ರಮ ಹೀಗೆ: ಎಂಟು ಗುಳಿಯ ಸ್ಲೈಡಿನಲ್ಲಿ ಹೀಲಾ ಕೋಶ (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶ) ಮುಕ್ಕಾಲು ಭಾಗ ತುಂಬಿದಾಗ, ಸೀರಮ್ ಇಲ್ಲದ ಮಾಧ್ಯಮದಲ್ಲಿ ಎರಡು ಸಲ ತೊಳೆದು, 5 ಮೈಕ್ರೋಮೋಲಾರ್ ಪೆಪ್ಟೈಡ್ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ. ನಂತರ, ಹೊರಗೆ ಅಂಟಿದ ಪೆಪ್ಟೈಡನ್ನು ಸೆಳೆದುಕೊಳ್ಳಲು, ಮಿಲಿಲೀಟರಿಗೆ 0.5 ಮಿಲಿಗ್ರಾಂ ಹೆಪಾರಿನ್ ಇರುವ ಪಿಬಿಎಸ್‌ನಲ್ಲಿ ಐದೈದು ನಿಮಿಷ ಮೂರು ಸಲ ತೊಳೆತ. ಫ್ಲೋ ಸೈಟೋಮೆಟ್ರಿಗೆ (ಒಂದೊಂದೇ ಕೋಶದ ಹೊಳಪು ಅಳೆಯುವ ವಿಧಾನ) ಹಾಕುವುದಾದರೆ, ಹೊರಗೆ ಉಳಿದದ್ದನ್ನು ಕತ್ತರಿಸುವ ಟ್ರಿಪ್ಸಿನ್ ಕಿಣ್ವ ಕೂಡ ಬೇಕು. ಪೆಪ್ಟೈಡಿಗೆ ಕಟ್ಟುವ ಹೊಳೆಯುವ ಬಣ್ಣಕ್ಕೆ ಫ್ಲೋರೆಸೀನ್ ಬದಲು ಟ್ಯಾಮ್ರಾ ಆರಿಸಿ. ಎಂಡೋಸೋಮ್‌ನ ಹುಳಿಯಲ್ಲಿ ಫ್ಲೋರೆಸೀನ್ ಮಂಕಾಗುತ್ತದೆ. ಸರಿಯಾಗಿ ಮಾಡಿದಾಗ ಕಾಣುವುದು ಎಳ್ಳು ಚೆಲ್ಲಿದಂತಹ ಚುಕ್ಕಿಗಳು. ಅವೇ ಎಂಡೋಸೋಮ್‌ಗಳು. ಇಡೀ ಕೋಶ ಒಂದೇ ಸಮ ಹೊಳೆದರೆ ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಹಾಕಿ ನೋಡಿ, ಹಲವು ಸಲ ಅದು ಸತ್ತ ಕೋಶ.

ಚುಕ್ಕಿ ಕಂಡಿತೆಂದರೆ ಸರಕು ಬಾಗಿಲು ದಾಟಿ ಪಡಸಾಲೆಯಲ್ಲಿ ಸಿಕ್ಕಿಕೊಂಡಿದೆ ಎಂದಷ್ಟೇ ಅರ್ಥ. ಒಳಮನೆಗೆ ಹೋಯಿತೋ ಎಂದು ತಿಳಿಯಲು ನಾನು ನಂಬುವುದು ಟ್ಯಾಟ್-ಕ್ರೇ ಪ್ರೋಟೀನನ್ನು, ಅಂದರೆ ಟ್ಯಾಟ್ ತುಂಡಿಗೆ ಜೋಡಿಸಿದ ಕ್ರೇ ಕಿಣ್ವವನ್ನು. ಡಿಎನ್ಎಯಲ್ಲಿ ಲಾಕ್ಸ್‌ಪಿ ಎಂಬ ಎರಡು ಗುರುತುಗಳ ನಡುವಿನ ಭಾಗವನ್ನು ಕ್ರೇ ಕತ್ತರಿಸಿ ತೆಗೆಯುತ್ತದೆ. ಹಸಿರು ಹೊಳೆಯುವ ಪ್ರೋಟೀನಿನ ಜೀನಿನ ಮುಂದೆ ಲಾಕ್ಸ್‌ಪಿ ಗುರುತುಗಳ ನಡುವೆ ತಡೆ ಇಟ್ಟಿರುವ ಕೋಶಗಳು ಹಸಿರಾಗಬೇಕಾದರೆ ಕ್ರೇ ಕೋಶಕೇಂದ್ರ ಮುಟ್ಟಿ ಕೆಲಸ ಮಾಡಲೇಬೇಕು.

ಈ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸುವಾಗ ಎರಡು ಕಡೆ ಕೆಡುತ್ತದೆ. ಅರ್ಜಿನೈನ್‌ಗಳಿಗೆ ಬ್ಯಾಕ್ಟೀರಿಯಾದ ಡಿಎನ್ಎ, ಆರ್‌ಎನ್ಎ ಅಂಟಿ ಬರುತ್ತವೆ. ಕೋಶ ಒಡೆಯುವ ಬಫರಿನಲ್ಲೂ ಪ್ರೋಟೀನನ್ನು ಹಿಡಿದು ಶುದ್ಧ ಮಾಡುವ ನಿಕಲ್ ಕಾಲಮ್ಮಿನ ಮೊದಲ ತೊಳೆತದಲ್ಲೂ 1 ಮೋಲಾರ್ ಉಪ್ಪಿರಲಿ. 260 ನ್ಯಾನೋಮೀಟರಿನ ಓದನ್ನು 280ರದ್ದರಿಂದ ಭಾಗಿಸಿದಾಗ 0.6ರ ಆಸುಪಾಸು ಬರಬೇಕು. 1 ದಾಟಿದರೆ ಮತ್ತೆ ತೊಳೆಯಿರಿ. ಎರಡನೆಯದು, ಉಪ್ಪು ತೆಗೆಯುವ ಆತುರ. ಪಿಬಿಎಸ್‌ಗೆ ಬದಲಿಸುತ್ತಿದ್ದಂತೆ ಹಾಲು ಒಡೆದ ಹಾಗೆ ಬಿಳಿ ಎಳೆಗಳು ಕಾಣಿಸಿದರೆ ಆ ಬ್ಯಾಚು ಹೋದಂತೆ. 500 ಮಿಲಿಮೋಲಾರ್ ಉಪ್ಪು, ನೂರಕ್ಕೆ ಹತ್ತು ಗ್ಲಿಸರಾಲ್ ಇಟ್ಟು 100 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಕಾದಿಡಿ. ಮಾಧ್ಯಮಕ್ಕೆ ಐವತ್ತು ಪಟ್ಟು ತೆಳುಮಾಡಿದರೆ 2 ಮೈಕ್ರೋಮೋಲಾರ್ ಪ್ರೋಟೀನ್ ಸಿಗುತ್ತದೆ, ಹೆಚ್ಚುವ ಉಪ್ಪು 10 ಮಿಲಿಮೋಲಾರ್ ಅಷ್ಟೇ.

ಕೋಶಗಳನ್ನು ಈ ಪ್ರೋಟೀನಿನೊಂದಿಗೆ ಒಂದು ಗಂಟೆ ಇಟ್ಟು, ಟ್ರಿಪ್ಸಿನ್‌ನಲ್ಲಿ ತೊಳೆದು, ಸೀರಮ್ ಮಾಧ್ಯಮದಲ್ಲಿ 48 ಗಂಟೆ ಬೆಳೆಸಿ ನೋಡಿ. ಮಳೆಗಾಲದಲ್ಲಿ ಈ ಎರಡು ದಿನ ಬೂಷ್ಟಿನ ಭಯ ಇದ್ದೇ ಇದೆ. ಇನ್ಕ್ಯುಬೇಟರ್ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತೇನೆ, ರಟ್ಟಿನ ಪೆಟ್ಟಿಗೆಯನ್ನು ಕಲ್ಚರ್ ಕೋಣೆಯೊಳಗೆ ಬಿಡುವುದಿಲ್ಲ.

ಟ್ಯಾಟ್ ಇಲ್ಲದ ಕ್ರೇ ಇರುವ ಗುಳಿ ಪ್ರತಿ ಸಲವೂ ಬೇಕೇ ಬೇಕು, ಏಕೆಂದರೆ ಕ್ರೇ ತಾನೇ ಸ್ವಲ್ಪ ಒಳಹೋಗುತ್ತದೆ. ಟ್ಯಾಟ್-ಕ್ರೇ ಇರುವ ಇನ್ನೊಂದು ಗುಳಿಗೆ, ಎಂಡೋಸೋಮ್‌ನಿಂದ ಸರಕು ಹೊರಬರಲು ನೆರವಾಗುವ ಕ್ಲೋರೋಕ್ವಿನನ್ನು 100 ಮೈಕ್ರೋಮೋಲಾರ್ ಸೇರಿಸಿ. ಅಲ್ಲಿ ಮಾತ್ರ ಹಸಿರು ಏರಿದರೆ ಸರಕು ಎಂಡೋಸೋಮ್‌ನಲ್ಲಿ ಕೊಳೆಯುತ್ತಿದೆ. ಅಲ್ಲೂ ಏರದಿದ್ದರೆ ಪೆಪ್ಟೈಡನ್ನು ದೂರಬೇಡಿ. ಲಾಕ್ಸ್‌ಪಿ ಇರುವ ಪ್ಲಾಸ್ಮಿಡ್ (ಉಂಗುರದ ಆಕಾರದ ಡಿಎನ್ಎ) ಜೊತೆ ಕ್ರೇಯನ್ನು ಟ್ಯೂಬಿನಲ್ಲಿ ಬೆರೆಸಿ, ಅಗರೋಸ್ ಜೆಲ್‌ನಲ್ಲಿ ಓಡಿಸಿ, ಕತ್ತರಿಸಿದೆಯೇ ನೋಡಿ.